ಸೈಟು ನಮ್ಮದು, ಮಷೀನು ಬಾಡಿಗೆಯದು

"ವೆಬ್‌ಸೈಟ್ ಮಾಡಿಸಬೇಕು, ಯಾರಾದ್ರೂ ಗೊತ್ತಾ?" ಅಂತ ಕೇಳುವವರಿಗೆ ನಾನು ಮೊದಲು ತಿರುಗಿ ಕೇಳುವುದು, ಡೊಮೇನ್, ಅಂದರೆ ಸೈಟಿನ ಹೆಸರು, ಯಾರ ಖಾತೆಯಲ್ಲಿ ಇರುತ್ತದೆ ಅಂತ. ಗಾಂಧಿ ಬಜಾರಿನಲ್ಲಿ ಪರಿಚಯದ ಅಂಗಡಿಯವರೊಬ್ಬರ ಸೈಟು ಹೋದ ವರ್ಷ ಮಾಯವಾಯಿತು. ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಇಮೇಲಿನಲ್ಲೇ ತೆಗೆದುಕೊಂಡಿದ್ದ, ಆಮೇಲೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ, ನಂಬರ್ ಬದಲಾಯಿತು, ರಿನೀವಲ್ ನೆನಪಿಸುವ ಮೇಲ್‌ಗಳನ್ನು ಯಾರೂ ನೋಡಲಿಲ್ಲ. ಬೋರ್ಡು, ಬಿಲ್ಲು, ಬಟ್ಟೆ ಚೀಲ, ಎಲ್ಲದರ ಮೇಲೂ ಅದೇ ವಿಳಾಸ ಅಚ್ಚಾಗಿದೆ. ಅವಧಿ ಮುಗಿದ ಮೇಲೂ ಸ್ವಲ್ಪ ದಿನ ವಾಪಸ್ ಪಡೆಯಬಹುದು ನಿಜ, ಆದರೆ ಅದು ಖಾತೆ ಯಾರ ಕೈಲಿದೆಯೋ ಅವರಿಗೆ ಮಾತ್ರ.

ಅದಕ್ಕೇ ನಾನು ಹೇಳುವುದು, ಕೋಡಿಂಗ್ ಬರದಿದ್ದರೂ ಪರವಾಗಿಲ್ಲ, ಸೈಟಿನ ಯಾವ ಭಾಗ ಎಲ್ಲಿದೆ ಅಂತ ನಿಮಗೆ ಗೊತ್ತಿರಲಿ. ಹೆಸರು ಒಂದು ಕಡೆ ಖರೀದಿ ಆಗುತ್ತದೆ. ಆ ಹೆಸರು ಯಾವ ಐಪಿ ವಿಳಾಸಕ್ಕೆ (ನೆಟ್‌ನಲ್ಲಿ ಮಷೀನಿನ ನಂಬರು) ಹೋಗಬೇಕು ಅಂತ ಹೇಳುವುದು ಡಿಎನ್‌ಎಸ್. ಸೈಟು ನಿಜವಾಗಿ ಇರುವುದು ಯಾವುದೋ ಕಂಪನಿಯ ಬಾಡಿಗೆ ಮಷೀನಿನಲ್ಲಿ, ಅಂದರೆ ಸರ್ವರಿನಲ್ಲಿ. ಮೂರಕ್ಕೂ ಬೇರೆ ಬೇರೆ ಲಾಗಿನ್ ಇರಬಹುದು, ಮೂರೂ ನಿಮ್ಮ ಹತ್ತಿರ ಇರಬೇಕು.

ಕಲಿಯುವುದಕ್ಕೆ 1 ಜಿಬಿ ರ್‍ಯಾಮ್ ಇರುವ, ತಿಂಗಳಿಗೆ ಇಷ್ಟು ಅಂತ ನಿಗದಿ ಬಾಡಿಗೆಯ ಉಬುಂಟು (ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಮಷೀನು ಸಾಕು. ಬಳಸಿದಷ್ಟಕ್ಕೆ ದುಡ್ಡು ಅನ್ನುವ ದೊಡ್ಡ ಕಂಪನಿಗಳ ಖಾತೆಯಲ್ಲಿ ಶುರು ಮಾಡಬೇಡಿ. ಅಲ್ಲಿ ಬಜೆಟ್ ಅಲರ್ಟ್ ಹಾಕಿದರೆ ಮೇಲ್ ಬರುತ್ತದೆ ಅಷ್ಟೇ, ಮೀಟರ್ ತಾನಾಗಿ ನಿಲ್ಲುವುದಿಲ್ಲ. ಓದುಗರು ಇಲ್ಲಿಯವರೇ ಆದರೆ ಮಷೀನೂ ಇಲ್ಲೇ ಹತ್ತಿರ ಇರಲಿ. ಅಮೆಜಾನ್‌ನವರ ಡೇಟಾ ಸೆಂಟರ್‌ಗಳು 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂದವು. ಹೀಗೇ ಮಷೀನು ಬಾಡಿಗೆಗೆ ಕೊಡುವ ಡಿಜಿಟಲ್‌ಓಷನ್ 2016ರಿಂದ ನಮ್ಮ ಬೆಂಗಳೂರಲ್ಲೇ ಇದೆ. ಅಮೆರಿಕದ ಮಷೀನಿಗೆ ಒಂದು ಸಲ ಹೋಗಿ ಬರುವುದಕ್ಕೇ 200 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು, ಒಂದು ಪುಟ ತೆರೆಯುವಷ್ಟರಲ್ಲಿ ಅಂಥ ಓಡಾಟ ಎಷ್ಟೋ ಸಲ ಆಗುತ್ತದೆ. ಮನೆಯ ಹಳೇ ಕಂಪ್ಯೂಟರಲ್ಲೇ ಇಟ್ಟರಾಯಿತಲ್ವಾ ಅಂತ ಕೇಳುತ್ತೀರಿ. ಕರೆಂಟಿನ ಕಥೆ ಬಿಡಿ, ಇಲ್ಲಿನ ಎಷ್ಟೋ ಮನೆ ಕನೆಕ್ಷನ್‌ಗಳಿಗೆ ಹೊರಗಿನಿಂದ ತಲುಪುವ ಸ್ವಂತ ಐಪಿಯೇ ಇರುವುದಿಲ್ಲ.

ಮಷೀನು ಆನ್ ಮಾಡಿ ಲಾಗ್ (ಯಾರು ಬಂದರು ಅಂತ ಬರೆದಿಡುವ ಫೈಲು) ತೆರೆದು ನೋಡಿ. ನೀವಿನ್ನೂ ಯಾರಿಗೂ ವಿಳಾಸ ಕೊಟ್ಟಿರುವುದಿಲ್ಲ, ಆದರೂ ಯಾರ್‍ಯಾರೋ ಬಂದು 'ರೂಟ್', 'ಅಡ್ಮಿನ್', 'ಟೆಸ್ಟ್' ಅಂತ ಒಂದರ ಮೇಲೊಂದು ಹೆಸರು ಹಾಕಿ ಪಾಸ್‌ವರ್ಡ್ ಊಹಿಸುತ್ತಿರುತ್ತಾರೆ. ಎಲ್ಲವೂ ಬಾಟ್‌ಗಳು, ಅಂದರೆ ತಾನಾಗಿ ಓಡುವ ಪ್ರೋಗ್ರಾಮ್‌ಗಳು, ನಿಮ್ಮ ಮೇಲೇನೂ ದ್ವೇಷವಿಲ್ಲ. ದೂರದಿಂದ ಮಷೀನಿಗೆ ಲಾಗಿನ್ ಆಗುವ ದಾರಿಗೆ ಎಸ್‌ಎಸ್‌ಎಚ್ ಅನ್ನುತ್ತಾರೆ, ಅದಕ್ಕೆ ಪಾಸ್‌ವರ್ಡ್ ಬದಲು ಕೀ ಫೈಲು ಹಾಕಿ, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಹೊರಗಿನವರನ್ನು ತಡೆಯುವ ಫೈರ್‌ವಾಲಿನಲ್ಲಿ 22 (ಎಸ್‌ಎಸ್‌ಎಚ್), 80, 443 (ಸೈಟು) ಬಿಟ್ಟು ಉಳಿದ ಪೋರ್ಟ್, ಅಂದರೆ ಬಾಗಿಲು, ಎಲ್ಲ ಬಂದ್. ಮೊದಲು 22ಕ್ಕೆ ಅನುಮತಿ ಕೊಟ್ಟು ಆಮೇಲೆ ಫೈರ್‌ವಾಲ್ ಆನ್ ಮಾಡಿ. ಉಲ್ಟಾ ಮಾಡಿದರೆ ನೀವೇ ಹೊರಗೆ.

ಕನ್ನಡ ಸೈಟು ನಡೆಸುವವರಿಗೆ ಇಂಗ್ಲಿಷ್ ಟ್ಯುಟೋರಿಯಲ್‌ಗಳು ಹೇಳದ ಒಂದು ವಿಷಯ ಇದೆ. ಸೈಟು ನಡೆಸುವ ಸಾಫ್ಟ್‌ವೇರಾದ ವರ್ಡ್‌ಪ್ರೆಸ್, ಪೋಸ್ಟಿನ ಶೀರ್ಷಿಕೆಯಿಂದಲೇ ಅದರ ವಿಳಾಸ ಮಾಡುತ್ತದೆ, ಅದಕ್ಕೆ ಇಟ್ಟಿರುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಧಾರಾಳವಾಯಿತು. ಕನ್ನಡದ ಒಂದೊಂದು ಅಕ್ಷರ ಯುಟಿಎಫ್-8ರಲ್ಲಿ (ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಪದ್ಧತಿ) 3 ಬೈಟ್, ವಿಳಾಸದಲ್ಲಿ ಪ್ರತಿ ಬೈಟು ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ, ಅಂದರೆ ಒಂದಕ್ಕೆ 9. ಗುಣಿತದ ಚಿಹ್ನೆಗಳಿಗೂ ತಲಾ 9. 'ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುವುದು ಹೇಗೆ' ಅಂತ ಶೀರ್ಷಿಕೆ ಕೊಟ್ಟು ನೋಡಿ, ವಿಳಾಸ 'ಪರಿಷೆ' ಅನ್ನುವಲ್ಲಿಗೆ ಸರಿಯಾಗಿ 200 ತಲುಪಿ ತುಂಡಾಗುತ್ತದೆ. ಅದನ್ನು ವಾಟ್ಸಾಪಿನಲ್ಲಿ ಹಂಚಿದರೆ ಅರ್ಧ ಪರದೆ ಬರೀ ಶೇಕಡಾ ಚಿಹ್ನೆ. ನಾನು ಸುಮ್ನೆ ಎರಡು ಮೂರು ಪದದ ಚಿಕ್ಕ ವಿಳಾಸ ಕೈಯಾರೆ ಬರೆಯುತ್ತೇನೆ. ಡೇಟಾಬೇಸಿನದೂ ಒಂದು ಕಿರಿಕಿರಿ ಇದೆ. ಸೈಟಿನ ಬರಹವೆಲ್ಲ ಉಳಿಯುವ ಡೇಟಾಬೇಸಾದ ಮೈಎಸ್‌ಕ್ಯೂಎಲ್‌ನಲ್ಲಿ ಹಳೇ 'ಯುಟಿಎಫ್8' ಅಂದರೆ ಅಕ್ಷರಕ್ಕೆ 3 ಬೈಟ್ ತನಕ ಮಾತ್ರ. ಕನ್ನಡ ಅದರಲ್ಲಿ ಹಿಡಿಸುತ್ತದೆ, 4 ಬೈಟಿನ ಎಮೋಜಿ ಹಿಡಿಸುವುದಿಲ್ಲ. ಕನ್ನಡ ಚೆನ್ನಾಗಿ ಕಾಣಿಸುತ್ತಿದೆ ಅಂತ ಎಲ್ಲರೂ ನೆಮ್ಮದಿಯಾಗಿರುತ್ತಾರೆ, ಯಾರೋ ಕಾಮೆಂಟಿನಲ್ಲಿ ಒಂದು ನಗುಮುಖ ಹಾಕುವ ತನಕ. ಶುರುವಿನಲ್ಲೇ 'ಯುಟಿಎಫ್8ಎಂಬಿ4' ಆರಿಸಿ.

1 ಜಿಬಿ ಮಷೀನಿನಲ್ಲಿ ಜನ ಜಾಸ್ತಿ ಬಂದಾಗ ಮೆಮೊರಿ ಮುಗಿದು ಲಿನಕ್ಸೇ ಮೈಎಸ್‌ಕ್ಯೂಎಲ್ ಅನ್ನು ಕೊಲ್ಲುತ್ತದೆ, ಸೈಟಿನಲ್ಲಿ ಡೇಟಾಬೇಸ್ ಸಿಗುತ್ತಿಲ್ಲ ಅಂತ ಬರುತ್ತದೆ. ಮೆಮೊರಿ ಸಾಲದಾಗ ಡಿಸ್ಕನ್ನೇ ಬಳಸುವ ಒಂದು ಸ್ವಾಪ್ ಫೈಲ್ ಹಾಕಿದರೆ ಎಷ್ಟೋ ವಾಸಿ. ಹಾಗೇ ಸೈಟಿನ ವಿಳಾಸಕ್ಕೆ https ಬೀಗ ಕೊಡುವ ಲೆಟ್ಸ್ ಎನ್‌ಕ್ರಿಪ್ಟಿನ ಉಚಿತ ಸರ್ಟಿಫಿಕೇಟಿನ ಆಯಸ್ಸು 90 ದಿನ. ಅದು ಮುಗಿಯುತ್ತಿದೆ ಅಂತ ನೆನಪಿಸುವ ಮೇಲನ್ನು ಅವರು 2025ರ ಜೂನ್‌ನಿಂದ ನಿಲ್ಲಿಸಿದ್ದಾರೆ. ಅದನ್ನು ಹಾಕಿಕೊಡುವ ಪ್ರೋಗ್ರಾಮ್ ಸರ್ಟ್‌ಬಾಟ್ ತಾನಾಗೇ ನವೀಕರಿಸುತ್ತಿದೆಯಾ ಅಂತ ನೀವೇ ನೋಡಿಕೊಳ್ಳಬೇಕು.

ಬ್ಯಾಕಪ್ ಬಗ್ಗೆ ನನಗೆ ಸ್ವಲ್ಪ ಹಟ. ಅದೇ ಕಂಪನಿಯ ಅದೇ ಖಾತೆಯಲ್ಲಿರುವ ಸ್ನ್ಯಾಪ್‌ಶಾಟನ್ನು (ಇಡೀ ಮಷೀನಿನ ನಕಲು) ನಾನು ಬ್ಯಾಕಪ್ ಅನ್ನುವುದಿಲ್ಲ, ಖಾತೆ ಬಂದ್ ಆದರೆ ಅದೂ ಹೋಯಿತು. ಖಾತೆ ಬಂದ್ ಆಗುವುದಕ್ಕೆ ಹ್ಯಾಕರ್ ಬೇಕಿಲ್ಲ, ಕಾರ್ಡಿನಿಂದ ಬಿಲ್ಲು ಕಟ್ಟಿಹೋಗದಿದ್ದರೆ ಸಾಕು. 2021ರ ಅಕ್ಟೋಬರಿನಲ್ಲಿ ಆರ್‌ಬಿಐ ಆಟೋ ಡೆಬಿಟ್ ನಿಯಮ ಬಿಗಿ ಮಾಡಿದ ಮೇಲೆ ಹೊರದೇಶದ ಕಂಪನಿಗಳ ಬಿಲ್ಲು ತಾನಾಗಿ ಕಟ್ಟಿಹೋಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಡೇಟಾಬೇಸಿನ ಒಂದು ಪ್ರತಿ, ಫೋಟೋಗಳ ಒಂದು ಪ್ರತಿ ವಾರಕ್ಕೊಮ್ಮೆ ಮನೆಯ ಹಾರ್ಡ್‌ಡಿಸ್ಕಿಗೆ ಬರಲಿ. ಆಗಾಗ ಅದರಿಂದ ಹೊಸ ಮಷೀನಿನಲ್ಲಿ ಸೈಟು ಎಬ್ಬಿಸಿ ನೋಡಿ. ಗಂಟೆ ಲೆಕ್ಕದ ಬಾಡಿಗೆಗೆ ತೆಗೆದುಕೊಂಡರೆ ಕಾಫಿಯಷ್ಟೂ ಖರ್ಚಾಗುವುದಿಲ್ಲ.

ಎರಡನೇ ಸೈಟು ಬಂದಾಗ ಹೊಸ ಮಷೀನು ಬೇಡ. ಪುಟಗಳನ್ನು ಓದುಗರಿಗೆ ಕಳಿಸುವ ಎಂಜಿನ್‌ಎಕ್ಸಿನಲ್ಲಿ ಇನ್ನೊಂದು ಸರ್ವರ್ ಬ್ಲಾಕ್ (ಆ ಸೈಟಿನ ಸೆಟ್ಟಿಂಗ್) ಬರೆದರೆ ಒಂದೇ ಐಪಿಯಲ್ಲಿ ಎರಡೂ ನಡೆಯುತ್ತವೆ. ಆದರೆ ಪ್ರತಿ ಸೈಟಿಗೂ ಬೇರೆ ಯೂಸರ್, ಬೇರೆ ಡೇಟಾಬೇಸ್, ಬೇರೆ ಪಾಸ್‌ವರ್ಡ್ ಇಡಿ. ಒಂದರ ಹಳೇ ಪ್ಲಗಿನ್‌ನಿಂದ ಯಾರಾದರೂ ಒಳಗೆ ನುಗ್ಗಿದರೂ ಪಕ್ಕದ ಸೈಟಿಗೆ ಕೈಹಾಕುವುದು ಅಷ್ಟು ಸುಲಭ ಆಗುವುದಿಲ್ಲ. ದೊಡ್ಡ ಕಂಪನಿಗಳು ಸಾಫ್ಟ್‌ವೇರ್ ನಡೆಸುವುದಕ್ಕೆ ಬಳಸುವ ಡಾಕರ್, ಕುಬರ್ನೆಟೀಸ್ ಅಂತ ಆಫೀಸಿನ ಗೆಳೆಯರು ತಲೆ ತಿನ್ನುತ್ತಾರೆ, ಇದು ಬೆಂಗಳೂರು ನೋಡಿ. ಎರಡು ವರ್ಡ್‌ಪ್ರೆಸ್ ಸೈಟಿಗೆ ಅದ್ಯಾವುದೂ ಬೇಕಿಲ್ಲ.