ಅತ್ತೆಯ ಅಂಗಾಲಿನ ಮಚ್ಚೆ

"ಅದು ಮೊದಲಿನಿಂದಲೂ ಉಂಟು ಡಾಕ್ಟ್ರೇ." ಮಂಗಳವಾರದಿಂದ ಅತ್ತೆಯ ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಉಡುಪಿಗೆ ಹೋಗಿದ್ದು ಒಡೆದ ಹಿಮ್ಮಡಿಗೆ ಮುಲಾಮು ಬರೆಸಿಕೊಳ್ಳಲು. ಚರ್ಮದ ಡಾಕ್ಟರು ಕಾಲನ್ನು ಎತ್ತಿ ದೀಪಕ್ಕೆ ಹಿಡಿದರು. ಹೆಬ್ಬೆರಳಿನ ಬುಡದಲ್ಲಿ ಒಂದು ಕಡುಕಂದು ಮಚ್ಚೆ. ಒಂದು ಬದಿ ದುಂಡಗೆ, ಇನ್ನೊಂದು ಬದಿ ಶಾಯಿ ಹರಡಿದ ಹಾಗೆ. "ಯಾವಾಗಿನಿಂದ ಇದೆ? ದೊಡ್ಡದಾಗಿದೆಯಾ?"

ಅತ್ತೆ ಮಾವನ ಮುಖ ನೋಡಿದರು. ಮಾವ ನನ್ನ ಮುಖ ನೋಡಿದರು. ಮೊದಲಿನಿಂದ ಅಂದರೆ ಯಾವಾಗಿನಿಂದ? ಮಲ್ಪೆಯ ಮನೆಯಲ್ಲಿ ಆ ಕಾಲು ಬೆಳಿಗ್ಗೆಯಿಂದ ರಾತ್ರಿವರೆಗೆ ಓಡಾಡುವುದನ್ನು ಎಲ್ಲರೂ ನೋಡಿದ್ದೇವೆ. ಅಂಗಾಲನ್ನು ಯಾರೂ ನೋಡಿಲ್ಲ.

"ಅಂಗಾಲಲ್ಲಿ ಮಚ್ಚೆ ಇದ್ರೆ ತಿರುಗಾಟ ಜಾಸ್ತಿ ಅಂತಾರಲ್ಲ" ಎಂದು ಮಾವ ನಕ್ಕರು. ನನಗೆ ಸಿಟ್ಟು ಬಂತು. ಅವರು ಕೆಟ್ಟವರಲ್ಲ, ಹೆದರಿದಾಗ ಹಾಗೆ ಮಾತಾಡುತ್ತಾರೆ. ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. ಅಂಥ ತಾಳ್ಮೆಯವರು ಕಮ್ಮಿ.

ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮಾಟೋಸ್ಕೋಪ್ ಇಟ್ಟು ಪರದೆಯಲ್ಲಿ ತೋರಿಸಿದರು. ಬೆರಳಚ್ಚಿನ ಥರದ ಗೆರೆಗಳು ಅಂಗಾಲಲ್ಲೂ ಇವೆ. ಬಣ್ಣ ಗೆರೆಗಳ ನಡುವಿನ ತಗ್ಗಿನಲ್ಲಿ ಕೂತಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಉಬ್ಬಿನ ಮೇಲೆ ಹರಡಿದ್ದರೆ ಅನುಮಾನ. ಅತ್ತೆಯದು ತಗ್ಗಿನಲ್ಲೇ ಇತ್ತು, ಒಂದು ಮೂಲೆ ಮಾತ್ರ ಸರಿಯಾಗಿ ಕಾಣಲಿಲ್ಲ. ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಂಡರು. ಮೂರು ತಿಂಗಳು ಬಿಟ್ಟು ಮತ್ತೆ ಹೋಗಬೇಕು. ಬದಲಾಗಿದ್ದರೆ ಚೂರು ತೆಗೆದು ಪರೀಕ್ಷೆ.

ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಬಿಳಿಯರಿಗೆ, ಬಿಸಿಲಿಗೆ ಬರುವ ಕಾಯಿಲೆ ಅಂತ ನಾವು ಸುಮ್ನೆ ಇರುತ್ತೇವೆ. ಕಂದು, ಕಪ್ಪು ಮೈಯವರಲ್ಲಿ ಅದು ಹೆಚ್ಚಾಗಿ ಬಿಸಿಲೇ ತಾಗದ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಗೆ ಶುರುವಾಗಿದ್ದು ಕಾಲ್ಬೆರಳಿನ ಉಗುರಿನ ಕೆಳಗೆ. ಮಚ್ಚೆಯ ಎರಡು ಅರ್ಧ ಒಂದೇ ಥರ ಇಲ್ಲದಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಎರಡು ಮೂರು ಬಣ್ಣ ಕಂಡರೆ, 6 ಮಿಲಿಮೀಟರ್ ದಾಟಿದ್ದರೆ ತೋರಿಸಲೇಬೇಕು. ಎಲ್ಲಕ್ಕಿಂತ ಮುಖ್ಯ, ಅದು ಬದಲಾಗುತ್ತಿದೆಯಾ ಅನ್ನುವುದು. ಮೊದಲು ಹೇಗಿತ್ತು ಅಂತ ಗೊತ್ತಿಲ್ಲದವರು ಬದಲಾವಣೆಯನ್ನು ಹೇಗೆ ಹೇಳುವುದು?

ಮಂಡಿ ನೋವಿನ ಬಗ್ಗೆ ಕೇಳಿದರೂ ಅತ್ತೆ "ಮೊದಲಿನಿಂದಲೂ ಉಂಟು" ಅಂತಲೇ ಹೇಳುತ್ತಾರೆ. ನಿದ್ದೆ ಬಾರದ್ದಕ್ಕೂ ಇದೇ. ನಾವೂ ಅದನ್ನು ಉತ್ತರ ಅಂತ ಒಪ್ಪಿಕೊಂಡು ಊಟಕ್ಕೆ ಕೂರುತ್ತೇವೆ. ಮನೆಯವರ ಜ್ವರ, ಕೆಮ್ಮು ಶುರುವಾದ ದಿನ ಅವರಿಗೆ ನೆನಪಿರುತ್ತದೆ. ಅವರದ್ದು ನಮ್ಮಲ್ಲಿ ಯಾರಿಗೆ ನೆನಪಿದೆ?

ಮಂಗಳೂರಿನ ನಾದಿನಿ ಫೋನಿನಲ್ಲಿ, "ಮಚ್ಚೆಗೆ ಕತ್ತರಿ ಹಾಕಿದ್ರೆ ಹರಡ್ತದೆ, ಬೇಡ" ಅಂದಳು. ಪ್ರೀತಿಯಿಂದಲೇ ಅಂದಳು. ಆದರೆ ತಪ್ಪು. ಪರೀಕ್ಷೆಗೆ ತೆಗೆದರೆ ಹರಡುವುದಿಲ್ಲ, ತಡ ಮಾಡಿದರೆ ಅಪಾಯ. ಡಾಕ್ಟರು ತೆಗೆಯಬೇಕು ಅಂದರೆ ಅತ್ತೆಯನ್ನು ಒಪ್ಪಿಸುವುದು ನನ್ನ ಜವಾಬ್ದಾರಿ.