ಪದಗಳ ಕಾರ್ಡು, ಐದನೆಯ ತಿಂಗಳು: ಮಂದೆ, ನಂಬಿಗಸ್ತರು, ಅಭಿಮಾನಿಗಳು

ಭಕ್ತರನ್ನೂ ಬೆಂಬಲಿಗರನ್ನೂ ಒಟ್ಟಾಗಿ ಕರೆಯುವ ಇಂಗ್ಲಿಷ್ ಪದಗಳಿಗೆ ಒಂದೊಂದು ಕಾರ್ಡು ಬರೆದಿಡುವ ಕೆಲಸ ಮೂವತ್ತೊಂದನೆಯ ಕಾರ್ಡಿಗೆ ಬಂದಿದೆ. ಪ್ರತಿಯೊಂದರಲ್ಲೂ ಮೂರು ಸಾಲು: ಪದದ ಬೇರು, ಇಂದಿನ ಬಳಕೆ, ಕನ್ನಡದಲ್ಲಿ ಅದಕ್ಕೆ ಸಲ್ಲುವ ಮಾತು. ಕಾಡುವುದು ಮೂರನೆಯ ಸಾಲು.

ಮೊದಲ ವಾರ

ಕುರಿಮಂದೆಯ ಪದಗಳು ಮುಗಿದವು. ‘ಫೋಲ್ಡ್’ ಎಂದರೆ ಕುರಿದೊಡ್ಡಿ. ‘ಪಾಸ್ಟರ್’ ಲ್ಯಾಟಿನ್ನಿನಲ್ಲಿ ಕುರಿ ಕಾಯುವವನು. ‘ಕಾಂಗ್ರಿಗೇಶನ್’ ಒಳಗೂ ಲ್ಯಾಟಿನ್ನಿನ ‘ಗ್ರೆಕ್ಸ್’ ಇದೆ, ಅಂದರೆ ಮಂದೆ. ಮಂದೆಯಿಂದ ಬೇರ್ಪಡಿಸಿದರೆ ‘ಸೆಗ್ರಿಗೇಶನ್’. ಕನ್ನಡದ ಕ್ರೈಸ್ತರು ಕಾಂಗ್ರಿಗೇಶನ್ನನ್ನು ಸಭೆ ಎನ್ನುತ್ತಾರೆ, ಪಾಸ್ಟರನ್ನು ಸಭಾಪಾಲಕರು ಎನ್ನುತ್ತಾರೆ. ಆ ‘ಪಾಲ’ವನ್ನು ಕಂಡು ಬಹಳ ಸಂತೋಷವಾಯಿತು. ಗೋಪಾಲನಲ್ಲಿರುವುದೂ ಅದೇ. ಕುರಿಗಳು ಹೋಗಿ ಸಭೆ ಬಂದಿದೆ, ಕಾಯುವವನು ಮಾತ್ರ ಉಳಿದಿದ್ದಾನೆ.

ಎರಡನೆಯ ಮತ್ತು ಮೂರನೆಯ ವಾರ

‘ದ ಫೇತ್‌ಫುಲ್’ ಒಂದೇ ಕಾರ್ಡು ಹದಿನೈದು ದಿನ ಹಿಡಿಯಿತು. ಇದು ಗುಣವಾಚಕ, ಬಹುವಚನದ ಗುರುತಿಲ್ಲ, ಆದರೂ ಕ್ರಿಯಾಪದ ಬಹುವಚನದಲ್ಲೇ ಬರುತ್ತದೆ. ಕನ್ನಡದಲ್ಲಿ ಹಾಗೆ ಬಿಡಲಾಗದು, ‘ಬಡ’ ಎಂಬುದು ‘ಬಡವರು’ ಆಗಲೇಬೇಕು. ಇಂಗ್ಲಿಷಿನಲ್ಲಿ ಚರ್ಚಿಗೆ ಬರುವವರೂ ಫೇತ್‌ಫುಲ್, ಪಕ್ಷದ ಹಳೆಯ ಕಾರ್ಯಕರ್ತರೂ ಫೇತ್‌ಫುಲ್, ಸೋಲುತ್ತಿರುವ ತಂಡವನ್ನು ಬಿಡದ ಪ್ರೇಕ್ಷಕರೂ ಫೇತ್‌ಫುಲ್.

ಮೊದಲು ‘ಭಕ್ತವೃಂದ’ ಎಂದು ಬರೆದಿದ್ದೆ. ‘ಪಕ್ಷದ ಭಕ್ತವೃಂದ’ ಎಂದು ಓದಿಕೊಂಡಾಗ ಅದು ಚುಚ್ಚುಮಾತಾಗುವುದು ಗೊತ್ತಾಯಿತು. ಇಂಗ್ಲಿಷ್ ಪದದಲ್ಲಿ ಆ ಮೊನೆ ಇಲ್ಲ. ಕಾರ್ಡನ್ನು ಹರಿದೆ. ‘ನಿಷ್ಠಾವಂತರು’ ಪಕ್ಷಕ್ಕೆ ಒಪ್ಪುತ್ತದೆ, ಪ್ರಾರ್ಥನೆಗೆ ನಿಂತವರಿಗೆ ತುಸು ಬಿಗಿ. ‘ಶ್ರದ್ಧಾಳುಗಳು’ ಎಂದರೆ ತಂಡದ ಬೆಂಬಲಿಗರು ಹೊರಗುಳಿಯುತ್ತಾರೆ.

ಬೇರಿಗೆ ಮರಳಿದಾಗ ದಾರಿ ಸಿಕ್ಕಿತು. ‘ಫೇತ್’ ಲ್ಯಾಟಿನ್ನಿನ ‘ಫಿಡೆಸ್’ನಿಂದ ಬಂದದ್ದು: ನಂಬುವುದೂ ಅದೇ, ಕೊಟ್ಟ ಮಾತಿಗೆ ತಪ್ಪದಿರುವುದೂ ಅದೇ. ಈ ಎರಡನ್ನೂ ಒಟ್ಟಿಗೆ ಹೊರುವ ಮಾತು ನಮ್ಮಲ್ಲಿದೆ. ದೇವರಲ್ಲಿ ಇಡುವುದು ನಂಬಿಕೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಮನುಷ್ಯ ನಂಬಿಗಸ್ತ. ಕನ್ನಡ ಬೈಬಲಿನಲ್ಲಿ ಯಜಮಾನನು ಮೆಚ್ಚುವ ಆಳು ‘ನಂಬಿಗಸ್ತ’ನೇ. ಬೈಬಲಿನ ಆಚೆ ಈ ಪದ ಈಗ ಅಪರೂಪವಾಗಿರುವುದು ನನಗೆ ನಿಜವಾಗಿಯೂ ನೋವಿನ ವಿಷಯ. ‘ನಂಬಿಗಸ್ತರು’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ನಾಲ್ಕನೆಯ ವಾರ

ಕ್ರೀಡಾಂಗಣದ ಪದಗಳು ಬೇಗ ಸಾಗಿದವು. ‘ಬಾರ್ಮಿ ಆರ್ಮಿ’ 1994–95ರ ಆ್ಯಶಸ್ ಕ್ರಿಕೆಟ್ ಸರಣಿಗೆ ಆಸ್ಟ್ರೇಲಿಯಾಕ್ಕೆ ಹೋದ ಇಂಗ್ಲೆಂಡ್ ಬೆಂಬಲಿಗರಿಗೆ ಅಂಟಿದ ಹೆಸರು. ಲಿವರ್‌ಪೂಲ್ ಫುಟ್‌ಬಾಲ್ ತಂಡದ ‘ಕಾಪ್’ ಕಥೆ ಭಾರವಾದದ್ದು. 1900ರಲ್ಲಿ ದಕ್ಷಿಣ ಆಫ್ರಿಕದ ಸ್ಪಿಯನ್ ಕಾಪ್ ಎಂಬ ಗುಡ್ಡದ ಮೇಲೆ ನಡೆದ ಕದನದಲ್ಲಿ ಬ್ರಿಟಿಷ್ ಸೈನಿಕರು ಬಹಳ ಮಂದಿ ಸತ್ತರು. 1906ರಲ್ಲಿ ತಂಡದ ಮೈದಾನವಾದ ಆನ್‌ಫೀಲ್ಡ್‌ನಲ್ಲಿ ಕಟ್ಟಿದ ಪ್ರೇಕ್ಷಕರ ದಿಬ್ಬಕ್ಕೆ ಆ ಗುಡ್ಡದ ಹೆಸರು ಬಂತು. ಈಗ ಕಾಪ್ ಹಾಡಿತು ಎಂದರೆ ಹಾಡಿದ್ದು ಅಲ್ಲಿ ನಿಂತ ಜನ.

‘ಫ್ಯಾನ್’ ಎಂಬುದು ‘ಫನ್ಯಾಟಿಕ್’ನ ತುಂಡು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಬಳಕೆಗೆ ಬಂತು. ಇನ್ನೂ ಹಿಂದೆ ಹೋದರೆ ‘ಫಾನಮ್’, ಲ್ಯಾಟಿನ್ನಿನಲ್ಲಿ ಗುಡಿ. ಗುಡಿಯಲ್ಲಿ ಮೈಮೇಲೆ ದೇವರು ಬಂದವನು ‘ಫನಾಟಿಕುಸ್’. ಈ ಸಾಲು ಬರೆಯುವಾಗ ರಾಜ್‌ಕುಮಾರ್ ನೆನಪಾದರು. ಅವರು ಜನರನ್ನು ಕರೆದದ್ದು ‘ಅಭಿಮಾನಿ ದೇವರುಗಳು’ ಎಂದು. ಇಂಗ್ಲಿಷ್ ಪದದಲ್ಲಿ ದೇವರು ಅಭಿಮಾನಿಯ ಮೈಮೇಲೆ ಬರುತ್ತಾನೆ. ಅವರ ಮಾತಿನಲ್ಲಿ ಅಭಿಮಾನಿಯೇ ಗರ್ಭಗುಡಿಯಲ್ಲಿದ್ದಾನೆ. ಕಾರ್ಡಿನ ಹಿಂಬದಿಯೂ ತುಂಬಿತು.

ಮುಂದಿನ ತಿಂಗಳಿಗೆ

ಒಂದು ಕಾರ್ಡನ್ನು ಕನ್ನಡದಿಂದಲೇ ಆರಂಭಿಸಿದ್ದೇನೆ: ‘ಒಕ್ಕಲು’. ಮಲೆ ಮಹದೇಶ್ವರನಿಗೆ, ಮಂಟೇಸ್ವಾಮಿಗೆ ನಡೆದುಕೊಳ್ಳುವ ಮನೆತನಗಳು ಅವರ ಒಕ್ಕಲು. ಇಲ್ಲಿ ಎಣಿಕೆ ಮನೆಯದು, ತಲೆಯದಲ್ಲ. ನೆಲ ಉಳುವವನಿಗೂ ಅದೇ ಹೆಸರು. ‘ಪ್ಯಾರಿಶ್’, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ ಮತ್ತು ಅಲ್ಲಿನ ಜನ, ಹತ್ತಿರ ಬರುತ್ತದೆ, ಆದರೆ ಅದಕ್ಕೆ ಊರಿನ ಎಲ್ಲೆ ಇದೆ. ಒಕ್ಕಲು ಊರು ಬಿಟ್ಟು ಬೆಂಗಳೂರು ಸೇರಿದರೂ ಮಾದಪ್ಪನ ಒಕ್ಕಲೇ. ಇಂಗ್ಲಿಷಿನ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.