ಉಣುಗು ಜ್ವರಕ್ಕೆ ಮುಂಚಿತವಾಗಿ ಡಾಕ್ಸಿಸೈಕ್ಲಿನ್ ಕೊಡಬೇಕೆ?

ದಾವಣಗೆರೆಯಲ್ಲಿ ಬಿಸಿಲು ಏರತೊಡಗಿತೆಂದರೆ ನಾಯಿ ಸಾಕಿದವರ ನಡುವೆ ಒಂದು ಸಲಹೆ ಬಾಯಿಂದ ಬಾಯಿಗೆ ಹರಡುತ್ತದೆ: ಮೆಡಿಕಲ್ ಶಾಪಿನಿಂದ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ತಂದು ಕೆಲವು ದಿನ ನುಂಗಿಸಿದರೆ ಉಣುಗು ಜ್ವರ ಹತ್ತಿರ ಸುಳಿಯುವುದಿಲ್ಲವಂತೆ. ನಾಯಿಯ ಮೇಲಿನ ಅಕ್ಕರೆಯಿಂದಲೇ ಹುಟ್ಟಿದ ಮಾತಾದರೂ ಇದನ್ನು ನಾನು ಒಪ್ಪಲಾರೆ.

ನಾವು ಉಣುಗು ಜ್ವರ ಎನ್ನುವುದರಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ರೋಗಗಳು ಸೇರಿಕೊಂಡಿವೆ. ಎರ್ಲಿಕಿಯಾ ಎಂಬುದು ಬಿಳಿ ರಕ್ತಕಣಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ; ರೋಗ ಖಚಿತವಾದ ಮೇಲೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮಿಲಿಗ್ರಾಂನಂತೆ ಸುಮಾರು 28 ದಿನ ಡಾಕ್ಸಿಸೈಕ್ಲಿನ್ ಕೊಡುವುದು ಅದಕ್ಕೆ ರೂಢಿಯಲ್ಲಿರುವ ಚಿಕಿತ್ಸೆ. ಬಬೇಸಿಯಾ ಹಾಗಲ್ಲ. ಅದು ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನು ಒಡೆಯುವ ಏಕಕೋಶ ಪರಾವಲಂಬಿಯಾದ್ದರಿಂದ ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಅದರಲ್ಲೂ ಬಬೇಸಿಯಾ ಗಿಬ್ಸೋನಿ ಎಂಬ ಸಣ್ಣ ಜಾತಿ ಬಲು ಹಟಮಾರಿ. ಅದಕ್ಕೆ ಅಟೊವಾಕ್ವೋನ್ ಮತ್ತು ಅಜಿಥ್ರೋಮೈಸಿನ್ ಎಂಬ ಎರಡು ಔಷಧಗಳು ಜೊತೆಯಾಗಿ ಬೇಕಾಗುತ್ತವೆ, ಬರೀ ಡಾಕ್ಸಿಸೈಕ್ಲಿನ್ ಸಾಲದು. ಒಂದೇ ನಾಯಿಗೆ ಎರಡೂ ತಗುಲಿರಬಹುದಾದ್ದರಿಂದ ರಕ್ತಪರೀಕ್ಷೆಯಿಲ್ಲದೆ ಮಾತ್ರೆ ನುಂಗಿಸುವುದು ರೋಗವನ್ನು ಅರೆಬರೆ ಮುಚ್ಚಿಟ್ಟಂತೆ.

ಮುಂಜಾಗ್ರತೆಗೆ ಆಂಟಿಬಯೋಟಿಕ್ ಕೊಟ್ಟ ಉದಾಹರಣೆ ಇತಿಹಾಸದಲ್ಲಿ ಇಲ್ಲದಿಲ್ಲ. ವಿಯೆಟ್ನಾಂ ಯುದ್ಧಕಾಲದಲ್ಲಿ ಎರ್ಲಿಕಿಯಾದಿಂದ ಅಮೆರಿಕದ ಸೇನೆಯ ಅನೇಕ ನಾಯಿಗಳು ಸತ್ತಾಗ, ಉಳಿದವುಗಳಿಗೆ ಡಾಕ್ಸಿಸೈಕ್ಲಿನ್ ಗುಂಪಿನದೇ ಆದ ಟೆಟ್ರಾಸೈಕ್ಲಿನ್ ಅನ್ನು ಪ್ರತಿದಿನ ಕಡಿಮೆ ಪ್ರಮಾಣದಲ್ಲಿ ಕೊಡಲಾಗಿತ್ತು. ಆದರೆ ಈಗಿನಂಥ ಉಣುಗುನಾಶಕಗಳು ಆಗ ಇರಲಿಲ್ಲ. ಮನೆಮನೆಯಲ್ಲೂ ಅದನ್ನೇ ಮಾಡಿದರೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ನಿಜವಾದ ಕೆಲಸ ಇರುವುದು ಗೋಡೆಯಲ್ಲಿ. ಈ ರೋಗಗಳನ್ನು ಹರಡುವ ಕಂದು ಉಣುಗು ಕಾಡಿನದಲ್ಲ, ಮನೆಯದು. ರಕ್ತ ಕುಡಿದು ಉಬ್ಬಿದ ಹೆಣ್ಣು ನಾಯಿಯಿಂದ ಕಳಚಿಕೊಂಡು ಗಾರೆಯ ಬಿರುಕಿನಲ್ಲೋ ಕಾಂಪೌಂಡಿನ ಕಲ್ಲುಸಂದಿಯಲ್ಲೋ ಸಾವಿರಾರು ಮೊಟ್ಟೆಯಿಡುತ್ತದೆ. ಬಿರುಕು ಮುಚ್ಚದೆ, ನಾಯಿ ಮಲಗುವ ಗೋಣಿಚೀಲವನ್ನು ಬಿಸಿನೀರಿನಲ್ಲಿ ಒಗೆಯದೆ ನಾಯಿಗೆ ಮಾತ್ರ ಎಷ್ಟು ಔಷಧ ಹಾಕಿದರೂ ಅಷ್ಟೇ. ತಿಂಗಳಿಗೊಮ್ಮೆ ಕೊಡುವ ಅಫಾಕ್ಸೊಲೇನರ್, ಸುಮಾರು 12 ವಾರ ಕೆಲಸ ಮಾಡುವ ಫ್ಲೂರಲೇನರ್ ಮಾತ್ರೆಗಳು ದುಬಾರಿಯೇನೋ ಹೌದು, ಆದರೆ ಉಣುಗು ಕಚ್ಚಿದ ಮೇಲೆ ಅದನ್ನು ಕೊಲ್ಲುತ್ತವೆ. ಫಿಟ್ಸ್ ಬರುವ ನಾಯಿಯಾದರೆ ಈ ಮಾತ್ರೆ ಕೊಡುವ ಮೊದಲೇ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ ಉಣುಗಿನಿಂದ ನಾಯಿಗೆ ಎರ್ಲಿಕಿಯಾ ದಾಟಲು ಕೆಲವೇ ಗಂಟೆ ಸಾಕಾದರೂ ಬಬೇಸಿಯಾಕ್ಕೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕಾಗುವುದರಿಂದ, ಕಿವಿಯೊಳಗೆ, ಬೆರಳುಸಂದಿಯಲ್ಲಿ ದಿನವೂ ಹುಡುಕಿ ಕಿತ್ತರೆ ಪ್ರಯೋಜನವುಂಟು. ಗಿಬ್ಸೋನಿ ಮಾತ್ರ ನಾಯಿಗಳ ಕಚ್ಚಾಟದಿಂದಲೂ ಹರಡುವುದರಿಂದ, ಬೀದಿಜಗಳದಲ್ಲಿ ಗಾಯಗೊಂಡ ನಾಯಿ ಮುಂದಿನ ವಾರಗಳಲ್ಲಿ ಮಂಕಾದರೆ ಮೈಮೇಲೆ ಒಂದೂ ಉಣುಗು ಕಾಣದಿದ್ದರೂ ರಕ್ತಪರೀಕ್ಷೆ ಮಾಡಿಸಬೇಕು.